ಸೆಖೆಯ ಊರಿಗೆ ಗಾಜಿನ ಮಳಿಗೆಯೇಕೆ?

ಮಂಗಳೂರಿನ ನಂತೂರು ದಾಟಿ ಮೂಡುಬಿದಿರೆಯತ್ತ ಹೊರಟರೆ ಸಿಗುವ ಊರು ಬಿಕರ್ನಕಟ್ಟೆ. ಬಾಲಯೇಸುವಿನ ಪುಣ್ಯಕ್ಷೇತ್ರದಿಂದಾಗಿ ನಾಡಿಗೆಲ್ಲ ಪರಿಚಿತ. ಇಲ್ಲಿಂದ ಸಾಣೂರಿನವರೆಗಿನ ಸುಮಾರು 45 ಕಿ.ಮೀ. ಹೆದ್ದಾರಿಯನ್ನು ಚತುಷ್ಪಥವಾಗಿಸುವ ಯೋಜನೆಯೂ ಈ ಊರಿನ ಹೆಸರನ್ನೇ ಹೊತ್ತಿದೆ. ರಸ್ತೆ ಅಗಲವಾದಲ್ಲೆಲ್ಲ ವಾಣಿಜ್ಯ ಸಂಕೀರ್ಣಗಳು ಏಳುವುದು ಲೋಕರೂಢಿ. ಅವು ಹೇಗಿರಬೇಕು ಎಂಬುದೇ ಪ್ರಶ್ನೆ.

ಮಂಗಳೂರಿಗೆ ದೊಡ್ಡ ಮಾಲ್‌ಗಳು ಹೊಸತೇನಲ್ಲ. 2010ರಲ್ಲಿ ಸಿಟಿ ಸೆಂಟರ್, 2014ರಲ್ಲಿ ಪಾಂಡೇಶ್ವರದ ಫೋರಂ ಫಿಜಾ ಬಂದವು. ಈಗ ನಾಲ್ಕು ಅಂಗಡಿಗಳ ಸಣ್ಣ ಕಟ್ಟಡಕ್ಕೂ ಮುಂಭಾಗದಲ್ಲಿ ಗಾಜು ಬೇಕು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಹಾಗೆ ಬರಮಾಡಿಕೊಂಡ ಶಾಖವನ್ನು ಹೊರದಬ್ಬಲು ಏರ್ ಕಂಡೀಷನರ್! ಅದರ ಬಿಲ್ಲು ಕೊನೆಗೆ ಬೀಳುವುದು ಬಾಡಿಗೆಗೆ ಕುಳಿತ ಸಣ್ಣ ವ್ಯಾಪಾರಿಯ ತಲೆಗೆ.

ಹುತ್ತದಿಂದ ಕಲಿತ ಪಾಠ

ಯಂತ್ರದ ನೆರವಿಲ್ಲದೆ, ಇಲ್ಲವೇ ಅಲ್ಪ ನೆರವಿನಿಂದ ಕಟ್ಟಡ ತಂಪಾಗಿಡುವುದು ಸಾಧ್ಯವೆ? ಜಿಂಬಾಬ್ವೆಯ ಹರಾರೆಯಲ್ಲಿ 1996ರಲ್ಲಿ ತೆರೆದ ಈಸ್ಟ್‌ಗೇಟ್ ಸಂಕೀರ್ಣ ಸಾಧ್ಯವೆಂದು ತೋರಿಸಿತು. ಅಂಗಡಿ, ಕಚೇರಿಗಳಿರುವ ಈ ಕಟ್ಟಡದ ವಾಸ್ತುಶಿಲ್ಪಿ ಮಿಕ್ ಪಿಯರ್ಸ್‌ಗೆ ಸ್ಫೂರ್ತಿ ಗೆದ್ದಲಿನ ಹುತ್ತ. ರಾತ್ರಿಯ ತಣ್ಣನೆಯ ಗಾಳಿಯನ್ನು ಫ್ಯಾನುಗಳು ಕಾಂಕ್ರೀಟ್ ನೆಲದೊಳಗಿನ ಪೊಳ್ಳುಗಳಲ್ಲಿ ಹಾಯಿಸುತ್ತವೆ. ತಣಿದ ಕಾಂಕ್ರೀಟು ಹಗಲಿನಲ್ಲಿ ಒಳಬರುವ ಗಾಳಿಯನ್ನು ತಂಪು ಮಾಡುತ್ತದೆ. ಬಿಸಿಯಾದ ಗಾಳಿ ಚಿಮಣಿಗಳ ಮೂಲಕ ಮೇಲೇರಿ ಹೋಗುತ್ತದೆ.

ಆದರೆ ಇದನ್ನು ಹಾಗೆಯೇ ಬಿಕರ್ನಕಟ್ಟೆಗೆ ತಂದರೆ ಕೆಲಸಕ್ಕೆ ಬಾರದು. ಹರಾರೆ ಇರುವುದು ಸುಮಾರು 1,500 ಮೀಟರ್ ಎತ್ತರದಲ್ಲಿ. ಬೇಸಗೆಯ ರಾತ್ರಿಯೂ ಅಲ್ಲಿ ತಂಪು. ಕರಾವಳಿಯಲ್ಲಿ ಏಪ್ರಿಲ್ ಹಗಲಿನ ತಾಪ 34 ಡಿಗ್ರಿ ಇದ್ದರೆ ರಾತ್ರಿ 25-26ಕ್ಕಿಂತ ಕೆಳಗಿಳಿಯುವುದು ಅಪರೂಪ. ಉತ್ತರ ಕರ್ನಾಟಕದ ಒಣ ಹವೆಗೆ ಒಪ್ಪುವ ನೀರಿನ ಕೂಲರ್ ಕೂಡ ಇಲ್ಲಿ ಸೋಲುತ್ತದೆ. ಗಾಳಿಯಲ್ಲೇ ತೇವ ತುಂಬಿರುವಾಗ ನೀರು ಆರುವುದೆಂತು? ಮೈಯ ಬೆವರೇ ಆರುವುದಿಲ್ಲ. ಅದಕ್ಕೇ ಇಲ್ಲಿಯವರು ಬಿಸಿಲಿಗಿಂತ ಹೆಚ್ಚಾಗಿ ಸೆಖೆಯನ್ನು ದೂರುವುದು.

ಸೆಖೆಗೆ ಮದ್ದು ಎರಡೇ: ನೆರಳು ಮತ್ತು ಗಾಳಿ.

ಮಾಡಿನ ಮಹಿಮೆ

ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಹೀಗಾಗಿ ಅತಿ ಹೆಚ್ಚು ಬಿಸಿಲು ಬೀಳುವುದು ಮಾಡಿಗೆ. ಮಾಲ್‌ನ ನಡುವೆ ಗಾಜಿನ ಸೂರು ಹಾಕುವುದು ಒಲೆಯನ್ನು ತಲೆಯ ಮೇಲಿಟ್ಟುಕೊಂಡಂತೆ.

ಹಿಂದಿನವರಿಗೆ ಇದು ಗೊತ್ತಿತ್ತು. ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಮಂಗಳೂರು ಹಂಚು ದೂರದ ದೇಶಗಳನ್ನೂ ತಲುಪಿತು. ಹಂಚುಗಳ ಸಂದಿಯಿಂದ ಬಿಸಿಗಾಳಿ ನುಸುಳಿ ಹೋಗುತ್ತದೆ; ಕೆಳಗೆ ಮರದ ಮುಚ್ಚಿಗೆಯಿದ್ದರೆ ನಡುವಿನ ಅಟ್ಟವೇ ಶಾಖಕ್ಕೆ ತಡೆ. ಮುಂಚಾಚಿದ ಮಾಡು ಮಳೆಯ ಇರಚಲನ್ನೂ ತಡೆಯುತ್ತದೆ. ಹಳೆಯ ಅಂಗಡಿ ಸಾಲಿನ ಜಗಲಿ ಗಿರಾಕಿಗೆ ನೆರಳೂ ಹೌದು, ಗೋಡೆಗೆ ಕೊಡೆಯೂ ಹೌದು.

ಮೂರು ಮಹಡಿಯ ಸಂಕೀರ್ಣಕ್ಕೂ ಇದೇ ಸೂತ್ರ ಸಲ್ಲುತ್ತದೆ. ತಾರಸಿಯ ಮೇಲೆ ಗಾಳಿಯಾಡುವ ಎರಡನೆಯ ಮಾಡು ಹಾಕಬಹುದು. ಸಂಜೆಯ ಓರೆ ಬಿಸಿಲು ಬೀಳುವ ಪಶ್ಚಿಮಕ್ಕೆ ಮೆಟ್ಟಿಲು, ಉಗ್ರಾಣಗಳನ್ನಿಟ್ಟು ಗೋಡೆಗೆ ಜಾಲಿ ಇಡಬಹುದು. ಮಧ್ಯಾಹ್ನದ ಕಡಲಗಾಳಿ ಬರುವುದೂ ಆ ಕಡೆಯಿಂದಲೇ. ನಡುವೆ ತೆರೆದ ಅಂಗಣವಿದ್ದರೆ ಬಿಸಿಗಾಳಿ ಮೇಲೇರಲು ದಾರಿಯಾದೀತು. ಗಾಳಿ ನಿಂತ ದಿನಕ್ಕೆ ಫ್ಯಾನು ಇದ್ದೇ ಇದೆ. ಅದರ ಗಾಳಿ ಮೈಗೆ ಎರಡು-ಮೂರು ಡಿಗ್ರಿ ತಂಪೆನಿಸುತ್ತದೆ.

ಎಲ್ಲೆಲ್ಲಿ ಎಸಿ?

ಚಿತ್ರಮಂದಿರಕ್ಕೆ, ಔಷಧದಂಗಡಿಗೆ ಎಸಿ ಬೇಕಾಗಬಹುದು. ಓಡಾಡುವ ಹಾದಿಗೆಲ್ಲ ಏಕೆ? ನಮ್ಮಂತೆಯೇ ಸೆಖೆಯ ಊರಾದ ಸಿಂಗಪುರದಲ್ಲಿ 2012ರಲ್ಲಿ ತೆರೆದ ಸ್ಟಾರ್ ವಿಸ್ಟಾ ಮಾಲ್‌ನ ಹಾದಿಗಳಲ್ಲಿ ಸಹಜ ಗಾಳಿಯೇ ಬೀಸುತ್ತದೆ. ಭಾರತದಲ್ಲೂ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಇಂಧನ ಉಳಿತಾಯದ ಸಂಹಿತೆ 2007ರಲ್ಲೇ ಬಂದಿದೆ, 2017ರಲ್ಲಿ ಪರಿಷ್ಕೃತವಾಗಿದೆ.

ತೊಡಕುಗಳೂ ಇಲ್ಲದಿಲ್ಲ. ತೆರೆದ ಕಟ್ಟಡಕ್ಕೆ ಹೆದ್ದಾರಿಯ ಧೂಳು, ಸದ್ದು ನುಗ್ಗುತ್ತವೆ. ಅಂಗಣಕ್ಕೆ ಬಿಟ್ಟ ಜಾಗ ಬಾಡಿಗೆ ತರುವುದಿಲ್ಲ. ರಸ್ತೆ ಬದಿಗೆ ಮರಗಳ ಸಾಲು ಬೆಳೆಸಿ, ಹಿಂಬದಿಗೆ ತೆರೆದುಕೊಂಡರೆ ಧೂಳು, ಸದ್ದು ಎರಡೂ ತಗ್ಗಿಯಾವು. ಬಾಡಿಗೆಯ ನಷ್ಟವನ್ನು ವಿದ್ಯುತ್ ಬಿಲ್ಲಿನೊಂದಿಗೆ ತೂಗಿ ನೋಡಬೇಕು. ಕಟ್ಟಿದ ಮೇಲೆ ದಿಕ್ಕು ತಿರುಗಿಸಲಾಗದು; ಲೆಕ್ಕ ಹಾಕಬೇಕಾದದ್ದು ನಕ್ಷೆ ಕಾಗದದ ಮೇಲಿರುವಾಗಲೇ.