ಬಿಸಿಗಾಳಿ ಬಲೂನು ಸಫಾರಿ

ಬಿಸಿಗಾಳಿ ಬಲೂನು ಸಫಾರಿ ಎಂಬುದು ಬಿಸಿಮಾಡಿದ ಗಾಳಿಯಿಂದ ಮೇಲೇರುವ ಬಲೂನಿಗೆ ತೂಗುಹಾಕಿದ ಬುಟ್ಟಿಯಲ್ಲಿ ನಿಂತು, ಆಕಾಶದಿಂದ ವನ್ಯಜೀವಿಗಳನ್ನು ವೀಕ್ಷಿಸುವ ಪ್ರವಾಸ. ಪೂರ್ವ ಆಫ್ರಿಕದ ಸವನ್ನಾ ಹುಲ್ಲುಗಾವಲುಗಳಲ್ಲಿ, ಮುಖ್ಯವಾಗಿ ಕೀನ್ಯಾದ ಮಸಾಯಿ ಮಾರಾ ಮತ್ತು ತಾಂಜಾನಿಯಾದ ಸೆರೆಂಗೆಟಿಯಲ್ಲಿ ಇದು ಪ್ರಸಿದ್ಧವಾಗಿದೆ. ‘ಸಫಾರಿ’ ಎಂಬುದು ಪ್ರಯಾಣ ಎಂಬ ಅರ್ಥವುಳ್ಳ ಸ್ವಾಹಿಲಿ ಪದ. ಅದರ ಮೂಲ ಅರಬ್ಬಿಯಲ್ಲಿದೆ.

ಇತಿಹಾಸ

ಫ್ರಾನ್ಸಿನ ಮಾಂಗೋಲ್ಫಿಯೇ ಸಹೋದರರು 1783ರ ಜೂನ್ 4ರಂದು ಬಿಸಿಗಾಳಿ ಬಲೂನನ್ನು ಸಾರ್ವಜನಿಕವಾಗಿ ಹಾರಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಂದು ಕುರಿ, ಒಂದು ಬಾತುಕೋಳಿ ಹಾಗೂ ಒಂದು ಹುಂಜ ವರ್ಸೇಲ್ಸ್ ಅರಮನೆಯ ಮುಂದೆ ಆಕಾಶಯಾನ ಮಾಡಿದವು. ನವೆಂಬರ್ 21ರಂದು ಪ್ಯಾರಿಸಿನಲ್ಲಿ ಇಬ್ಬರು ಮನುಷ್ಯರು ಮೊದಲ ಬಾರಿಗೆ ಯಾವ ಕಟ್ಟೂ ಇಲ್ಲದೆ ಬಲೂನಿನಲ್ಲಿ ಹಾರಿದರು. ಅಂದು ಹುಲ್ಲು, ಉಣ್ಣೆ ಮುಂತಾದವನ್ನು ಉರಿಸಿ ಗಾಳಿಯನ್ನು ಕಾಯಿಸುತ್ತಿದ್ದರು. ಪ್ರೊಪೇನ್ ಅನಿಲದ ಒಲೆಯನ್ನು ಬಲೂನಿನೊಡನೆಯೇ ಒಯ್ಯುವ ಆಧುನಿಕ ಪದ್ಧತಿಯನ್ನು ಅಮೆರಿಕದ ಎಡ್ ಯೋಸ್ಟ್ 1960ರಲ್ಲಿ ಬಳಕೆಗೆ ತಂದನು.

ಆಫ್ರಿಕದ ವನ್ಯಜೀವಿಗಳನ್ನು ಬಲೂನಿನಿಂದ ನೋಡುವ ಸಾಹಸಕ್ಕೆ 1962ರಲ್ಲಿ ಇಂಗ್ಲೆಂಡಿನ ಲೇಖಕ ಆಂಟನಿ ಸ್ಮಿತ್ ಕೈಹಾಕಿದನು. ಅವನದು ಜಲಜನಕ ತುಂಬಿದ ಬಲೂನು. ಜಾಂಜಿಬಾರ್ ದ್ವೀಪದಿಂದ ಹೊರಟು ಪೂರ್ವ ಆಫ್ರಿಕದ ಬಯಲುಗಳ ಮೇಲೆ ಹಾರಿತು. ಅವನ ಸಂಗಡಿಗರಲ್ಲಿ ಒಬ್ಬನಾಗಿದ್ದ ವನ್ಯಜೀವಿ ಚಲನಚಿತ್ರಕಾರ ಆಲನ್ ರೂಟ್ ಮುಂದೆ ಬಿಸಿಗಾಳಿ ಬಲೂನನ್ನು ಚಿತ್ರೀಕರಣಕ್ಕೆ ಬಳಸಿದನು; 1970ರ ದಶಕದಲ್ಲಿ ಮಸಾಯಿ ಮಾರಾದಲ್ಲಿ ಪ್ರವಾಸಿಗರಿಗಾಗಿ ಬಲೂನು ಹಾರಾಟವನ್ನೂ ಆರಂಭಿಸಿದನು.

ಹಾರಾಟದ ತತ್ತ್ವ

ಕಾಯಿಸಿದ ಗಾಳಿ ಹಿಗ್ಗಿ ಹಗುರವಾಗುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.225 ಕಿಲೋಗ್ರಾಂ, 100 ಡಿಗ್ರಿಗೆ ಕಾಯಿಸಿದಾಗ ಅಷ್ಟೇ ಗಾತ್ರದ ಗಾಳಿ ಸುಮಾರು 0.95 ಕಿಲೋಗ್ರಾಂ ತೂಗುತ್ತದೆ. ಹೀಗೆ ಪ್ರತಿ ಘನ ಮೀಟರಿಗೂ ಸುಮಾರು 280 ಗ್ರಾಂ ಎತ್ತುವ ಬಲ ದೊರೆಯುತ್ತದೆ. ಮಾರಾ ಬಯಲು ಸಮುದ್ರಮಟ್ಟದಿಂದ 1,500 ಮೀಟರಿಗೂ ಮಿಕ್ಕಿದ ಎತ್ತರದಲ್ಲಿದೆ. ಅಲ್ಲಿನ ಗಾಳಿ ತೆಳುವಾದುದರಿಂದ ಈ ಬಲ ಸುಮಾರು 230 ಗ್ರಾಂಗೆ ಇಳಿಯುತ್ತದೆ. ಅಂದರೆ 10,000 ಘನ ಮೀಟರ್ ಗಾತ್ರದ ಬಲೂನು ಬಟ್ಟೆ, ಬುಟ್ಟಿ, ಅನಿಲದ ಉರುಳೆಗಳು ಹಾಗೂ ಪ್ರಯಾಣಿಕರೆಲ್ಲರೂ ಸೇರಿ ಸುಮಾರು 2,300 ಕಿಲೋಗ್ರಾಂ ಭಾರವನ್ನು ಹೊರಬಲ್ಲುದು.

ಬಲೂನಿಗೆ ಚುಕ್ಕಾಣಿ ಇಲ್ಲ. ಬೇರೆ ಬೇರೆ ಎತ್ತರಗಳಲ್ಲಿ ಗಾಳಿ ಬೇರೆ ಬೇರೆ ದಿಕ್ಕಿಗೆ ಬೀಸುವುದನ್ನು ಅರಿತು, ಉರಿಯನ್ನು ಹೆಚ್ಚಿಸಿ ಮೇಲೇರಿಯೋ ನೆತ್ತಿಯ ಕವಾಟವನ್ನು ತೆರೆದು ಕೆಳಗಿಳಿದೋ ಚಾಲಕನು ತನಗೆ ಬೇಕಾದ ಗಾಳಿಯನ್ನು ಆರಿಸಿಕೊಳ್ಳುತ್ತಾನೆ. ಬಿಸಿಲೇರಿದಂತೆ ನೆಲ ಕಾದು ಗಾಳಿ ಪ್ರಕ್ಷುಬ್ಧವಾಗುವುದರಿಂದ ಹಾರಾಟ ಸೂರ್ಯೋದಯದ ಹೊತ್ತಿಗೇ ನಡೆಯುತ್ತದೆ. ಸಾಮಾನ್ಯವಾಗಿ ಒಂದು ಗಂಟೆಯ ಅವಧಿಯದಾಗಿರುತ್ತದೆ.

ಮೇಲಿನಿಂದ ಕಾಣುವುದು

ಮಾ ಭಾಷೆಯಲ್ಲಿ ‘ಮಾರಾ’ ಎಂದರೆ ಚುಕ್ಕೆಚುಕ್ಕೆಯಾದುದು. ಹುಲ್ಲಿನ ನಡುವೆ ಅಲ್ಲಲ್ಲಿ ಚದುರಿ ನಿಂತ ಮರಗಳನ್ನು ಮೇಲಿನಿಂದ ನೋಡಿದಾಗ ಈ ಹೆಸರಿನ ಅರ್ಥ ತಾನೇ ತಿಳಿಯುತ್ತದೆ. ಮಳೆಯನ್ನೂ ಹಸಿರು ಹುಲ್ಲನ್ನೂ ಅನುಸರಿಸಿ ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾಗಳು ಹಾಗೂ ಗೆಜೆಲ್‌ಗಳು ವರ್ಷವಿಡೀ ಸೆರೆಂಗೆಟಿ ಮತ್ತು ಮಾರಾಗಳ ನಡುವೆ ಸುತ್ತುತ್ತವೆ. ಸ್ಥೂಲವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ ಹಿಂಡುಗಳು ಮಾರಾ ಪ್ರದೇಶದಲ್ಲಿರುತ್ತವೆ. ಜೀಪಿನಿಂದ ಹಿಂಡಿನ ಅಂಚು ಮಾತ್ರ ಕಾಣುತ್ತದೆ. ಬಲೂನಿನಿಂದ ಅದರ ಸಾಲು, ಕವಲು, ತಿರುವುಗಳೆಲ್ಲವೂ ಒಂದೇ ನೋಟಕ್ಕೆ ದೊರೆಯುತ್ತವೆ.

ಸುರಕ್ಷತೆ

ಇಳಿಯುವಾಗ ಬುಟ್ಟಿ ನೆಲಕ್ಕೆ ತಾಗಿ ವಾಲುವುದುಂಟು. ಆದಕಾರಣ ಪ್ರಯಾಣಿಕರು ಚಲನೆಯ ದಿಕ್ಕಿಗೆ ಬೆನ್ನುಮಾಡಿ, ಒಳಗಿನ ಹಗ್ಗಗಳನ್ನು ಹಿಡಿದು ಕುಳಿತಿರಬೇಕು. ಗರ್ಭಿಣಿಯರನ್ನೂ ಚಿಕ್ಕ ಮಕ್ಕಳನ್ನೂ ಸಾಮಾನ್ಯವಾಗಿ ಕರೆದೊಯ್ಯುವುದಿಲ್ಲ. ಅಪಾಯದ ಮುಖ್ಯ ಮೂಲಗಳೆಂದರೆ ಗಾಳಿ, ವಿದ್ಯುತ್ ತಂತಿ ಮತ್ತು ಬೆಂಕಿ. 2013ರ ಫೆಬ್ರವರಿ 26ರಂದು ಈಜಿಪ್ಟಿನ ಲಕ್ಸರ್‌ನಲ್ಲಿ ಪ್ರವಾಸಿ ಬಲೂನಿಗೆ ಬೆಂಕಿ ತಗಲಿ, ಅದರಲ್ಲಿದ್ದ 21 ಮಂದಿಯಲ್ಲಿ 19 ಮಂದಿ ಮೃತಪಟ್ಟರು. ಹವಾಮಾನ ಅನುಕೂಲವಿಲ್ಲದ ದಿನ ಹಾರಾಟವನ್ನು ರದ್ದುಗೊಳಿಸುವುದು ಚಾಲಕನ ಮೊದಲ ಕರ್ತವ್ಯವಾಗಿದೆ.

ಪರಿಸರ ಮತ್ತು ಸ್ಥಳೀಯ ಜನ

ಬಲೂನಿಗೆ ಎಂಜಿನಿಲ್ಲದಿದ್ದರೂ ಅದು ಪೂರ್ತಿ ಮೌನಿಯಲ್ಲ. ಒಲೆ ಭೋರ್ಗರೆದಾಗಲೂ ದೊಡ್ಡ ನೆರಳು ಹಾದುಹೋದಾಗಲೂ ಪ್ರಾಣಿಗಳು ಬೆದರಿ ಓಡಬಹುದು. ಇಳಿದ ಬಲೂನನ್ನು ತರಲು ವಾಹನಗಳು ಹಾದಿ ಬಿಟ್ಟು ಹುಲ್ಲಿನ ಮೇಲೆ ಸಾಗಬೇಕಾಗುತ್ತದೆ. ಚಕ್ರದ ಗುರುತು ಬಹುಕಾಲ ಉಳಿಯುತ್ತದೆ. ಇದಕ್ಕಿಂತ ಹಳೆಯ ಪ್ರಶ್ನೆಯೊಂದಿದೆ. ಸೆರೆಂಗೆಟಿಯ ಬಯಲು ಮಸಾಯಿ ಪಶುಪಾಲಕರ ಗೋಮಾಳವಾಗಿತ್ತು. 1959ರಲ್ಲಿ ಅವರು ಅದನ್ನು ಬಿಟ್ಟು ಗೊರೊಂಗೊರೊ ಪ್ರದೇಶಕ್ಕೆ ಹೋಗಬೇಕಾಯಿತು. ಪ್ರವಾಸಿಗಳು ದುಬಾರಿ ಶುಲ್ಕ ತೆತ್ತು ನೋಡುವ ‘ನಿರ್ಜನ’ ಬಯಲು ಹಾಗೆ ನಿರ್ಜನವಾದುದು ತಾನಾಗಿಯೇ ಅಲ್ಲ. ಆದ್ದರಿಂದ ಈ ಆದಾಯದಲ್ಲಿ ಸ್ಥಳೀಯರ ಪಾಲೆಷ್ಟು ಎಂಬುದು ನ್ಯಾಯವಾದ ಪ್ರಶ್ನೆಯಾಗಿದೆ.

ಕರ್ನಾಟಕದೊಡನೆ ಹೋಲಿಕೆ

ಬಂಡೀಪುರ, ನಾಗರಹೊಳೆಗಳಲ್ಲಿ ವನ್ಯಜೀವಿ ವೀಕ್ಷಣೆ ಜೀಪು ಹಾಗೂ ಬಸ್ಸುಗಳಲ್ಲಿ, ಕಬಿನಿ ಹಿನ್ನೀರಿನಲ್ಲಿ ದೋಣಿಗಳಲ್ಲಿ ನಡೆಯುತ್ತದೆ. ಎಲೆಗಳ ಚಪ್ಪರದಡಿ ಆನೆಯೂ ಮರೆಯಾಗುವ ಇಂತಹ ಕಾಡಿನಲ್ಲಿ ಮೇಲಿನಿಂದ ನೋಡಿ ಪ್ರಯೋಜನವಿಲ್ಲ. ಇಳಿಯಲು ಬಯಲೂ ಸಿಗದು. ಮಂಗಳೂರಿನ ನಂತೂರಿನಿಂದ ಮೂಡುಬಿದಿರೆಯತ್ತ ಸಾಗುವ ಹೆದ್ದಾರಿಯಲ್ಲಿ, ವಾಮಂಜೂರಿನ ಸಮೀಪ ಇರುವ ಪಿಲಿಕುಳ ನಿಸರ್ಗಧಾಮದ ಜೈವಿಕ ಉದ್ಯಾನದಲ್ಲಿ ಪ್ರಾಣಿಗಳು ಆವರಣದೊಳಗಿದ್ದು, ನೋಡುವವರು ಸ್ವತಂತ್ರವಾಗಿ ನಡೆದಾಡುತ್ತಾರೆ. ಸವನ್ನಾದ ಬಲೂನು ಸಫಾರಿಯಲ್ಲಿ ಇದು ತಿರುವುಮುರುವಾಗಿದೆ: ಮನುಷ್ಯರು ಬುಟ್ಟಿಯೊಳಗೆ, ಪ್ರಾಣಿಗಳು ಬಯಲಿನಲ್ಲಿ.