ಓಹಾಯೋ ಸ್ಟೇಟ್ ಫುಟ್‌ಬಾಲ್ ತಂಡದ ರಿಸೀವರ್‌ಗಳು: ತಲೆಮಾರುಗಳ ಹೋಲಿಕೆ

ಓಹಾಯೋ ಸ್ಟೇಟ್ ಬಕೈಸ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿರುವ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ. ಇದು ಬಿಗ್ ಟೆನ್ ಒಕ್ಕೂಟದ ಸದಸ್ಯ ತಂಡ. 1922ರಲ್ಲಿ ಆರಂಭವಾದ ಓಹಾಯೋ ಸ್ಟೇಡಿಯಂ ಇದರ ತವರು ಕ್ರೀಡಾಂಗಣ. ಈ ತಂಡದ ರಿಸೀವರ್‌ಗಳು, ಅಂದರೆ ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಆಟಗಾರರು, ಇತ್ತೀಚಿನ ವರ್ಷಗಳಲ್ಲಿ ದೇಶದ ಅತ್ಯುತ್ತಮರ ಸಾಲಿನಲ್ಲಿ ಎಣಿಕೆಯಾಗುತ್ತಾರೆ. 2024ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡದ ರಿಸೀವರ್‌ಗಳನ್ನು ಹಿಂದಿನ ಗುಂಪುಗಳೊಡನೆ, ಮುಖ್ಯವಾಗಿ 2021ರ ಮೂವರೊಡನೆ ಹೋಲಿಸುವುದು ಈ ಲೇಖನದ ವಿಷಯ.

ರಿಸೀವರ್‌ನ ಪಾತ್ರ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಹೊಂದಿರುವ ತಂಡವು ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಚೆಂಡನ್ನು ಹಿಡಿದು ಓಡುವುದು ಒಂದು ಮಾರ್ಗ, ಎಸೆಯುವುದು ಇನ್ನೊಂದು. ಎಸೆಯುವ ಆಟಗಾರನನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಎದುರಾಳಿಯ ಅಂತಿಮ ವಲಯದಲ್ಲಿ ಚೆಂಡನ್ನು ಹಿಡಿದರೆ ಅಥವಾ ಅಲ್ಲಿಗೆ ಕೊಂಡೊಯ್ದರೆ ಅದು ಟಚ್‌ಡೌನ್. ಅದಕ್ಕೆ ಆರು ಅಂಕ. ರಿಸೀವರ್‌ನ ಸಾಧನೆಯನ್ನು ಸಾಮಾನ್ಯವಾಗಿ ಕ್ಯಾಚ್‌ಗಳ ಸಂಖ್ಯೆ, ಗಳಿಸಿದ ಗಜಗಳು ಮತ್ತು ಟಚ್‌ಡೌನ್‌ಗಳು ಎಂಬ ಮೂರು ಅಳತೆಗಳಿಂದ ದಾಖಲಿಸಲಾಗುತ್ತದೆ.

ಹಿಂದಿನ ತಲೆಮಾರುಗಳು

1951ರಿಂದ 1978ರವರೆಗೆ ತಂಡದ ಮುಖ್ಯ ತರಬೇತುದಾರರಾಗಿದ್ದ ವುಡಿ ಹೇಯ್ಸ್ ಓಟದ ಆಟಕ್ಕೆ ಪ್ರಾಧಾನ್ಯ ನೀಡಿದ್ದರು. ಆದ್ದರಿಂದ ಆ ಕಾಲದ ರಿಸೀವರ್‌ಗಳ ಅಂಕಿಗಳು ಇಂದಿನವರ ಮುಂದೆ ಬಹಳ ಚಿಕ್ಕವಾಗಿ ಕಾಣುತ್ತವೆ. ಪಾಲ್ ವಾರ್‌ಫೀಲ್ಡ್ ಇದಕ್ಕೆ ಉತ್ತಮ ನಿದರ್ಶನ. 1960ರ ದಶಕದ ಆರಂಭದಲ್ಲಿ ಕಾಲೇಜು ತಂಡದಲ್ಲಿ ಅವರು ಹೆಚ್ಚಾಗಿ ಚೆಂಡು ಹಿಡಿದು ಓಡುವ ಸ್ಥಾನದಲ್ಲಿ ಆಡಿದರು. ಮುಂದೆ ವೃತ್ತಿಪರ ರಿಸೀವರ್ ಆಗಿ ಬೆಳೆದು 1983ರಲ್ಲಿ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಸೇರಿದರು. ಅವರ ಕಾಲೇಜು ಅಂಕಿಗಳು ಅವರ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಅಂದಿನ ಆಟದ ಸ್ವರೂಪವನ್ನು ತಿಳಿಸುತ್ತವೆ.

1980ರ ದಶಕದಲ್ಲಿ ಕ್ರಿಸ್ ಕಾರ್ಟರ್ ಈ ಚಿತ್ರವನ್ನು ಬದಲಿಸಿದರು. 1984ರಲ್ಲಿ, ತಮ್ಮ ಮೊದಲ ವರ್ಷದಲ್ಲೇ ಅವರು 41 ಕ್ಯಾಚ್, 648 ಗಜ ಮತ್ತು 8 ಟಚ್‌ಡೌನ್ ಗಳಿಸಿದರು. 1986ರಲ್ಲಿ 1,127 ಗಜ ಗಳಿಸಿದರು. 1995ರಲ್ಲಿ ಟೆರ್ರಿ ಗ್ಲೆನ್ 64 ಕ್ಯಾಚ್‌ಗಳಲ್ಲಿ 1,411 ಗಜ ಮತ್ತು 17 ಟಚ್‌ಡೌನ್ ಗಳಿಸಿ, ದೇಶದ ಶ್ರೇಷ್ಠ ರಿಸೀವರ್‌ಗೆ ನೀಡುವ ಬಿಲೆಟ್ನಿಕಾಫ್ ಪ್ರಶಸ್ತಿಯನ್ನು ಪಡೆದರು. ಪ್ರತಿ ಕ್ಯಾಚ್‌ಗೆ ಸುಮಾರು 22 ಗಜ ಎಂಬ ಅವರ ಸರಾಸರಿ ಈ ಲೇಖನದಲ್ಲಿ ಅಂಕಿಅಂಶ ನೀಡಲಾದ ಇತರ ಯಾರ ಸರಾಸರಿಗಿಂತಲೂ ಹೆಚ್ಚು. 1998ರಲ್ಲಿ ಡೇವಿಡ್ ಬೋಸ್ಟನ್ 85 ಕ್ಯಾಚ್‌ಗಳಲ್ಲಿ 1,435 ಗಜ ಗಳಿಸಿದರು.

ಈ ಮೂವರೂ ತಮ್ಮ ತಮ್ಮ ತಂಡದಲ್ಲಿ ಎದ್ದು ಕಾಣುವ ಒಬ್ಬೊಬ್ಬ ಆಟಗಾರರಾಗಿದ್ದರು. ಒಂದೇ ತಂಡದಲ್ಲಿ ಹಲವು ಸಮರ್ಥ ರಿಸೀವರ್‌ಗಳು ಜೊತೆಯಾಗಿ ಆಡುವ ಸ್ಥಿತಿ 2005ರ ವೇಳೆಗೆ ಸ್ಪಷ್ಟವಾಯಿತು. ಆ ವರ್ಷ ಜೊತೆಯಾಗಿ ಆಡಿದ ಸ್ಯಾಂಟೋನಿಯೊ ಹೋಮ್ಸ್, ಟೆಡ್ ಗಿನ್ ಜೂನಿಯರ್ ಮತ್ತು ಆಂಥನಿ ಗೊಂಜಾಲೆಜ್ ಮೂವರನ್ನೂ 2006 ಮತ್ತು 2007ರ ಎನ್‌ಎಫ್‌ಎಲ್ ಡ್ರಾಫ್ಟ್‌ಗಳ ಮೊದಲ ಸುತ್ತಿನಲ್ಲಿ ವೃತ್ತಿಪರ ತಂಡಗಳು ಆಯ್ದುಕೊಂಡವು.

2021ರ ಮೂವರು

ಇದೇ ತಂಡದ ಹಿಂದಿನ ರಿಸೀವರ್ ಬ್ರಯಾನ್ ಹಾರ್ಟ್‌ಲೈನ್ 2018ರಲ್ಲಿ ರಿಸೀವರ್‌ಗಳ ತರಬೇತಿಯ ಹೊಣೆ ಹೊತ್ತರು. ಅವರ ಕಾಲದಲ್ಲಿ ಬೆಳೆದ ಗುಂಪುಗಳಲ್ಲಿ 2021ರ ಗುಂಪು ಅಂಕಿಗಳ ದೃಷ್ಟಿಯಿಂದ ಅತ್ಯಂತ ಸಮೃದ್ಧವಾದವುಗಳಲ್ಲಿ ಒಂದು. ಕ್ವಾರ್ಟರ್‌ಬ್ಯಾಕ್ ಸಿ. ಜೆ. ಸ್ಟ್ರೌಡ್ ಅವರೊಡನೆ ಆಡಿದ ಮೂವರ ಸಾಧನೆ ಹೀಗಿದೆ:

- ಜಾಕ್ಸನ್ ಸ್ಮಿತ್-ಎನ್‌ಜಿಗ್ಬಾ: 95 ಕ್ಯಾಚ್, 1,606 ಗಜ, 9 ಟಚ್‌ಡೌನ್
- ಗ್ಯಾರೆಟ್ ವಿಲ್ಸನ್: 70 ಕ್ಯಾಚ್, 1,058 ಗಜ, 12 ಟಚ್‌ಡೌನ್
- ಕ್ರಿಸ್ ಒಲಾವೆ: 65 ಕ್ಯಾಚ್, 936 ಗಜ, 13 ಟಚ್‌ಡೌನ್

ಸ್ಮಿತ್-ಎನ್‌ಜಿಗ್ಬಾ ಅವರ 1,606 ಗಜಗಳು ವಿಶ್ವವಿದ್ಯಾಲಯದ ಒಂದು ಋತುವಿನ ದಾಖಲೆಯಾಯಿತು. ಅದೇ ವರ್ಷ ಒಲಾವೆ ತಮ್ಮ ಕಾಲೇಜು ಜೀವನದ ಒಟ್ಟು 35 ಟಚ್‌ಡೌನ್ ಕ್ಯಾಚ್‌ಗಳೊಂದಿಗೆ ಬೋಸ್ಟನ್ ಅವರ 34ರ ದಾಖಲೆಯನ್ನು ದಾಟಿದರು. 2022ರ ಜನವರಿ 1ರಂದು ಯೂಟಾ ವಿರುದ್ಧದ ರೋಸ್ ಬೌಲ್ ಪಂದ್ಯದಲ್ಲಿ ವಿಲ್ಸನ್ ಮತ್ತು ಒಲಾವೆ ಆಡಲಿಲ್ಲ. ಆಗ ಸ್ಮಿತ್-ಎನ್‌ಜಿಗ್ಬಾ ಒಬ್ಬರೇ 15 ಕ್ಯಾಚ್‌ಗಳಲ್ಲಿ 347 ಗಜ ಗಳಿಸಿದರು. ಮಾರ್ವಿನ್ ಹ್ಯಾರಿಸನ್ ಜೂನಿಯರ್ ಮೂರು ಟಚ್‌ಡೌನ್ ಗಳಿಸಿದರು. ಓಹಾಯೋ ಸ್ಟೇಟ್ 48–45ರಿಂದ ಗೆದ್ದಿತು. ಮುಂದೆ 2023ರಲ್ಲಿ ಹ್ಯಾರಿಸನ್ ಬಿಲೆಟ್ನಿಕಾಫ್ ಪ್ರಶಸ್ತಿಗೆ ಪಾತ್ರರಾದರು.

2024ರ ಗುಂಪು

2024ರಲ್ಲಿ ವಿಲ್ ಹೋವರ್ಡ್ ಕ್ವಾರ್ಟರ್‌ಬ್ಯಾಕ್ ಆಗಿದ್ದರು. ಮುಖ್ಯ ರಿಸೀವರ್‌ಗಳ ಸಾಧನೆ:

- ಜೆರೆಮಾಯಾ ಸ್ಮಿತ್: 76 ಕ್ಯಾಚ್, 1,315 ಗಜ, 15 ಟಚ್‌ಡೌನ್
- ಎಮೆಕಾ ಎಗ್ಬುಕಾ: 81 ಕ್ಯಾಚ್, 1,011 ಗಜ, 10 ಟಚ್‌ಡೌನ್
- ಕಾರ್ನೆಲ್ ಟೇಟ್: 52 ಕ್ಯಾಚ್, 733 ಗಜ, 4 ಟಚ್‌ಡೌನ್

ಸ್ಮಿತ್ ಆಗ ಮೊದಲ ವರ್ಷದ ವಿದ್ಯಾರ್ಥಿ. ನಲವತ್ತು ವರ್ಷಗಳಿಂದ ಉಳಿದಿದ್ದ ಕಾರ್ಟರ್ ಅವರ ಮೊದಲ ವರ್ಷದ ದಾಖಲೆಗಳನ್ನು ಅವರು ಬಹಳ ಅಂತರದಿಂದ ಮುರಿದರು. ಎಗ್ಬುಕಾ ಒಟ್ಟು 205 ಕ್ಯಾಚ್‌ಗಳೊಂದಿಗೆ ಕೆ. ಜೆ. ಹಿಲ್ ಅವರ 201 ಕ್ಯಾಚ್‌ಗಳ ವಿಶ್ವವಿದ್ಯಾಲಯ ದಾಖಲೆಯನ್ನು ಹಿಂದಿಕ್ಕಿದರು. 2025ರಲ್ಲಿ ಎಗ್ಬುಕಾ ವೃತ್ತಿಪರ ಆಟಕ್ಕೆ ತೆರಳಿದರು. ಸ್ಮಿತ್ ಮತ್ತು ಟೇಟ್ ಹೊಸ ಕ್ವಾರ್ಟರ್‌ಬ್ಯಾಕ್ ಜೂಲಿಯನ್ ಸೇಯಿನ್ ಅವರೊಡನೆ ಮುಂದುವರಿದರು.

ಅಂಕಿಅಂಶಗಳ ಹೋಲಿಕೆ

2021ರ ಮೂವರು ಒಟ್ಟು 230 ಕ್ಯಾಚ್, 3,600 ಗಜ ಮತ್ತು 34 ಟಚ್‌ಡೌನ್ ಗಳಿಸಿದರು. 2024ರ ಮೂವರದು 209 ಕ್ಯಾಚ್, 3,059 ಗಜ ಮತ್ತು 29 ಟಚ್‌ಡೌನ್. ಮೊದಲ ಗುಂಪಿನ ಮೇಲುಗೈ ಇಲ್ಲಿಯೇ ಕಾಣುತ್ತದೆ. ಪಂದ್ಯಗಳ ಸಂಖ್ಯೆಯನ್ನು ಗಮನಿಸಿದರೆ ಅಂತರ ಇನ್ನೂ ಹೆಚ್ಚುತ್ತದೆ. 2021ರಲ್ಲಿ ತಂಡ ಆಡಿದ್ದು 13 ಪಂದ್ಯ. 2024ರಲ್ಲಿ ಹನ್ನೆರಡು ತಂಡಗಳ ಪ್ಲೇಆಫ್ ಜಾರಿಗೆ ಬಂದ ಕಾರಣ ತಂಡ 16 ಪಂದ್ಯ ಆಡಿತು. ತಂಡದ ಪ್ರತಿ ಪಂದ್ಯಕ್ಕೆ ಲೆಕ್ಕ ಹಾಕಿದರೆ 2021ರ ಮೂವರು ಸುಮಾರು 277 ಗಜ, 2024ರ ಮೂವರು ಸುಮಾರು 191 ಗಜ ಗಳಿಸಿದಂತಾಗುತ್ತದೆ.

ಹಳೆಯ ತಲೆಮಾರುಗಳನ್ನು ಹೋಲಿಸುವಾಗ ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಮೊದಲ ವರ್ಷದ ವಿದ್ಯಾರ್ಥಿಗಳು ಪ್ರಮುಖ ತಂಡದಲ್ಲಿ ಆಡಲು 1972ರಿಂದ ಅವಕಾಶ ದೊರೆಯಿತು; ಅದಕ್ಕೂ ಹಿಂದಿನವರಿಗೆ ಒಂದು ಋತು ಕಡಿಮೆ ಸಿಗುತ್ತಿತ್ತು. ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆಯಾದ ಎನ್‌ಸಿಎಎ ಋತುವಿನ ಕೊನೆಯ ಬೌಲ್ ಪಂದ್ಯಗಳ ಅಂಕಿಗಳನ್ನು ಒಟ್ಟು ಲೆಕ್ಕಕ್ಕೆ ಸೇರಿಸತೊಡಗಿದ್ದು 2002ರಿಂದ. ಹೀಗಾಗಿ ಅದಕ್ಕೂ ಹಿಂದಿನ ಆಟಗಾರರ ಅಂಕಿಗಳು ಒಂದು ಮೂಲದಿಂದ ಇನ್ನೊಂದಕ್ಕೆ ಭಿನ್ನವಾಗಿರಬಹುದು.

ಅಂಕಿಗಳು ಮತ್ತು ಫಲಿತಾಂಶ

ಅಂಕಿಗಳಲ್ಲಿ ಮುಂದಿದ್ದ 2021ರ ತಂಡ ಬಿಗ್ ಟೆನ್ ಪ್ರಶಸ್ತಿಯನ್ನೂ ಗೆಲ್ಲಲಿಲ್ಲ. 2024ರ ತಂಡ ರಾಷ್ಟ್ರೀಯ ಪ್ರಶಸ್ತಿಯನ್ನೇ ಗೆದ್ದಿತು. ಈ ವೈರುಧ್ಯವನ್ನು ಎರಡು ಪಂದ್ಯಗಳು ಸ್ಪಷ್ಟಪಡಿಸುತ್ತವೆ.

2021ರ ಸೆಪ್ಟೆಂಬರ್‌ನಲ್ಲಿ ಒರೆಗಾನ್ ವಿರುದ್ಧ ಸ್ಟ್ರೌಡ್ 484 ಗಜಗಳಷ್ಟು ಪಾಸ್ ಮಾಡಿದರು. ಸ್ಮಿತ್-ಎನ್‌ಜಿಗ್ಬಾ, ಒಲಾವೆ ಮತ್ತು ವಿಲ್ಸನ್ ಮೂವರೂ ತಲಾ ನೂರು ಗಜ ದಾಟಿದರು. ಆದರೂ ತಂಡ ತವರಿನಲ್ಲಿ 28–35ರಿಂದ ಸೋತಿತು. ಎದುರಾಳಿಯ ಓಟವನ್ನು ತಡೆಯುವಲ್ಲಿ ಅಂದಿನ ರಕ್ಷಣಾ ವಿಭಾಗ ದುರ್ಬಲವಾಗಿತ್ತು. ವರ್ಷದ ಕೊನೆಯಲ್ಲಿ ಮಿಚಿಗನ್ ವಿರುದ್ಧದ 27–42ರ ಸೋಲಿನಲ್ಲಿಯೂ ಅದೇ ಕೊರತೆ ಕಂಡಿತು. ತಂಡ ಹಿಂದೆ ಬಿದ್ದಾಗ ಹೆಚ್ಚು ಪಾಸ್ ಮಾಡಬೇಕಾಗುತ್ತದೆ. ಹೆಚ್ಚು ಪಾಸ್ ಮಾಡಿದರೆ ರಿಸೀವರ್‌ಗಳ ಗಜಗಳೂ ಹೆಚ್ಚುತ್ತವೆ. ಆದ್ದರಿಂದ ದೊಡ್ಡ ಅಂಕಿ ಕೆಲವೊಮ್ಮೆ ತಂಡದ ಸಂಕಷ್ಟದ ಗುರುತೂ ಆಗಿರಬಹುದು.

2024ರ ಋತುವಿನ ಸೆಮಿಫೈನಲ್ ಇದಕ್ಕೆ ಪ್ರತಿರೂಪ. ಟೆಕ್ಸಾಸ್ ತಂಡ ತನ್ನ ಗಮನವನ್ನೆಲ್ಲ ಜೆರೆಮಾಯಾ ಸ್ಮಿತ್ ಅವರ ಮೇಲಿಟ್ಟು, ಅವರನ್ನು ಒಂದು ಕ್ಯಾಚ್ ಮತ್ತು 3 ಗಜಗಳಿಗೆ ಕಟ್ಟಿಹಾಕಿತು. ಆದರೆ ಟೇಟ್ 7 ಕ್ಯಾಚ್‌ಗಳಲ್ಲಿ 87 ಗಜ ಗಳಿಸಿದರು; ಓಹಾಯೋ ಸ್ಟೇಟ್ 28–14ರಿಂದ ಗೆದ್ದಿತು. ಎದುರಾಳಿಯ ರಕ್ಷಕರನ್ನು ತನ್ನತ್ತ ಸೆಳೆದು ಇತರರಿಗೆ ಜಾಗ ಮಾಡಿಕೊಡುವ ರಿಸೀವರ್‌ನ ಕೆಲಸ ಅವನ ಹೆಸರಿನ ಮುಂದಿನ ಅಂಕಿಗಳಲ್ಲಿ ದಾಖಲಾಗುವುದಿಲ್ಲ. 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನಾಟರ್ ಡೇಮ್ ವಿರುದ್ಧ ನಡೆದ ಫೈನಲ್‌ನಲ್ಲಿ, ಕೊನೆಯ ನಿಮಿಷಗಳ ಮೂರನೆಯ ಪ್ರಯತ್ನದಲ್ಲಿ 11 ಗಜ ಬೇಕಾಗಿದ್ದಾಗ, ಸ್ಮಿತ್ 56 ಗಜಗಳ ಕ್ಯಾಚ್ ಹಿಡಿದರು. ಅದರಿಂದ 34–23ರ ಜಯ ಖಚಿತವಾಯಿತು. 2024ರ ತಂಡದಲ್ಲಿ ಟ್ರೆವೇಯಾನ್ ಹೆಂಡರ್ಸನ್ ಮತ್ತು ಕ್ವಿನ್‌ಶಾನ್ ಜಡ್ಕಿನ್ಸ್ ಇಬ್ಬರೂ ಓಟದಲ್ಲಿ ತಲಾ ಸಾವಿರ ಗಜ ದಾಟಿದ್ದರು. ರಕ್ಷಣಾ ವಿಭಾಗವೂ ಬಲಿಷ್ಠವಾಗಿತ್ತು. ಹೀಗಾಗಿ ರಿಸೀವರ್‌ಗಳ ಮೇಲಿನ ಅವಲಂಬನೆ ಕಡಿಮೆಯಿತ್ತು.

ವೃತ್ತಿಪರ ಆಟದಲ್ಲಿ

ಡ್ರಾಫ್ಟ್‌ನ ಸ್ಥಾನಗಳನ್ನೂ ಹೋಲಿಕೆಯ ಅಳತೆಯಾಗಿ ಬಳಸುವುದುಂಟು. 2022ರಲ್ಲಿ ವಿಲ್ಸನ್ 10ನೆಯ ಮತ್ತು ಒಲಾವೆ 11ನೆಯ ಆಯ್ಕೆಯಾದರು. 2023ರಲ್ಲಿ ಸ್ಮಿತ್-ಎನ್‌ಜಿಗ್ಬಾ 20ನೆಯ, 2024ರಲ್ಲಿ ಹ್ಯಾರಿಸನ್ 4ನೆಯ, 2025ರಲ್ಲಿ ಎಗ್ಬುಕಾ 19ನೆಯ ಆಯ್ಕೆಯಾದರು. ಹೀಗೆ ಸತತ ನಾಲ್ಕು ವರ್ಷ ಮೊದಲ ಸುತ್ತಿನಲ್ಲಿ ಈ ತಂಡದ ರಿಸೀವರ್‌ಗಳಿಗೆ ಸ್ಥಾನ ದೊರೆಯಿತು. ಈ ಐವರೂ 2021ರ ತಂಡದಲ್ಲಿದ್ದವರು. ಅಂದರೆ 2021 ಮತ್ತು 2024ರ ಗುಂಪುಗಳು ಸಂಪೂರ್ಣ ಬೇರೆಯಲ್ಲ: ಎಗ್ಬುಕಾ ಒಂದರಲ್ಲಿ ಹೊಸಬರಾಗಿಯೂ ಇನ್ನೊಂದರಲ್ಲಿ ಹಿರಿಯರಾಗಿಯೂ ಇದ್ದರು.

ಒಟ್ಟಾರೆಯಾಗಿ, ಗಜಗಳ ಗಳಿಕೆಯಲ್ಲಿ 2021ರ ಮೂವರು ಮುಂದಿದ್ದರೆ, ಪ್ರಶಸ್ತಿಯ ದೃಷ್ಟಿಯಿಂದ 2024ರ ಗುಂಪು ಮುಂದಿದೆ. ಪಂದ್ಯಗಳ ಸಂಖ್ಯೆ, ಕ್ವಾರ್ಟರ್‌ಬ್ಯಾಕ್, ರಕ್ಷಣಾ ವಿಭಾಗ ಮತ್ತು ಆಟದ ಶೈಲಿಗಳನ್ನು ಜೊತೆಗಿಟ್ಟು ನೋಡಿದಾಗ ಮಾತ್ರ ಒಂದು ತಲೆಮಾರಿನ ರಿಸೀವರ್‌ಗಳ ಸಾಧನೆಯನ್ನು ಇನ್ನೊಂದರೊಡನೆ ನ್ಯಾಯವಾಗಿ ಹೋಲಿಸಬಹುದು.