ನಡುವಿನಿಂದ ಬಲಕ್ಕೆ

2012ರ ಆಗಸ್ಟ್ 12. ಲಂಡನ್ನಿನ ಅರ್ಲ್ಸ್ ಕೋರ್ಟ್‌ನಲ್ಲಿ ಒಲಿಂಪಿಕ್ಸ್ ಪುರುಷರ ವಾಲಿಬಾಲ್ ಫೈನಲ್. ಬ್ರೆಜಿಲ್ ಎದುರು ರಷ್ಯಾ ಮೊದಲೆರಡು ಸೆಟ್‌ಗಳನ್ನು 19-25, 20-25ರಿಂದ ಕಳೆದುಕೊಂಡಿತ್ತು. ಗುಂಪಿನ ಹಂತದಲ್ಲೂ ಇದೇ ಬ್ರೆಜಿಲ್ ಒಂದು ಸೆಟ್ಟನ್ನೂ ಬಿಡದೆ ಗೆದ್ದಿತ್ತು. ರಷ್ಯಾದ ಕೋಚ್ ವ್ಲಾದಿಮಿರ್ ಅಲೆಕ್ನೊ ಹೊಸ ಮುಖ್ಯ ಹೊಡೆತಗಾರನಿಗಾಗಿ ಬೆಂಚಿನತ್ತ ನೋಡಲಿಲ್ಲ. ಅವರಿಗೆ ಬೇಕಾಗಿದ್ದವರು ಕಣದೊಳಗೇ ಇದ್ದರು.

ದ್ಮಿತ್ರಿ ಮುಸೆರ್ಸ್ಕಿ ಉಕ್ರೇನಿನ ಮಾಕಿಯಿವ್ಕಾದಲ್ಲಿ 1988ರಲ್ಲಿ ಹುಟ್ಟಿ, ರಷ್ಯಾದ ಬೆಲ್ಗೊರೊದ್ ಕ್ಲಬ್ಬಿನಲ್ಲಿ ಬೆಳೆದವರು. ಎತ್ತರ 218 ಸೆಂಟಿಮೀಟರ್. ಇಷ್ಟು ಉದ್ದದವರನ್ನು ನೆಟ್ಟಿನ ನಡುವೆ ಮಿಡಲ್ ಬ್ಲಾಕರ್ ಆಗಿ ನಿಲ್ಲಿಸುವುದು ವಾಡಿಕೆ. ನಮ್ಮ ಊರಿನ ಟೂರ್ನಮೆಂಟುಗಳಲ್ಲೂ ಅದೇ ತಾನೆ? ಆದರೆ ಈ ಜಾಗಕ್ಕೆ ಒಂದು ತೊಡಕಿದೆ. ಹಿಂದಿನ ಸಾಲಿಗೆ ಹೋದ ಮಿಡಲ್ ಬ್ಲಾಕರ್ ತನ್ನ ಸರ್ವಿಸ್ ಮುಗಿದೊಡನೆ ರಕ್ಷಣೆಗೆಂದೇ ಇರುವ ಲಿಬೆರೊಗೆ ಜಾಗ ಬಿಟ್ಟು ಹೊರಗೆ ಕೂರುತ್ತಾನೆ. ಮುಂದಿನ ಸಾಲಿನಲ್ಲಿದ್ದಾಗಲೂ ಅವನದು ಗಿಡ್ಡನೆಯ, ವೇಗದ ಚೆಂಡು. ಮೊದಲ ಪಾಸ್ ನೇರವಾಗಿ ಸೆಟ್ಟರ್ ಕೈಗೆ ಬಂದರಷ್ಟೇ ಅದು ಸಾಧ್ಯ. ಎದುರಾಳಿಯ ಸರ್ವಿಸ್ ಆ ಪಾಸನ್ನೇ ಕೆಡಿಸಿದರೆ ತಂಡದ ಅತಿ ಎತ್ತರದ ಮನುಷ್ಯ ಅರ್ಧ ಹೊತ್ತು ಹೊರಗೆ, ಉಳಿದರ್ಧ ಬರಿಗೈಯಲ್ಲಿ.

ಮೂರನೇ ಸೆಟ್ಟಿನಲ್ಲಿ ಅಲೆಕ್ನೊ ಮುಸೆರ್ಸ್ಕಿಯನ್ನು ಬಲಬದಿಗೆ, ಆಪೊಸಿಟ್ ಜಾಗಕ್ಕೆ ಸರಿಸಿದರು. ಆಪೊಸಿಟ್ ಆರೂ ಸರದಿಯಲ್ಲಿ ಕಣದಲ್ಲೇ ಇರುತ್ತಾನೆ, ಹಿಂದಿನ ಸಾಲಿನಿಂದಲೂ ಹಾರಿ ಹೊಡೆಯುತ್ತಾನೆ. ಪಾಸ್ ಕೆಟ್ಟರೂ ಚಿಂತೆಯಿಲ್ಲ; ಸೆಟ್ಟರ್ ಸೆರ್ಗೆಯ್ ಗ್ರಾಂಕಿನ್ ಚೆಂಡನ್ನು ಎತ್ತರಕ್ಕೆ ಎತ್ತಿಕೊಟ್ಟರೆ ಸಾಕು. 2.43 ಮೀಟರಿನ ನೆಟ್ಟಿನಾಚೆ ಮೇಲೆದ್ದ ಕೈಗಳನ್ನೂ ದಾಟಿ ಮುಸೆರ್ಸ್ಕಿ ಹೊಡೆಯಬಲ್ಲವರಾಗಿದ್ದರು.

ಬ್ರೆಜಿಲ್ ಆ ಸೆಟ್ಟಿನಲ್ಲಿ ಎರಡು ಬಾರಿ ಚಿನ್ನದಿಂದ ಒಂದೇ ಅಂಕದ ದೂರದಲ್ಲಿತ್ತು. ಎರಡೂ ಸಲ ರಷ್ಯಾ ಉಳಿದುಕೊಂಡಿತು, 29-27. ಆಮೇಲೆ 25-22, 15-9. ಮುಸೆರ್ಸ್ಕಿ ಅಂದು ಗಳಿಸಿದ್ದು 31 ಅಂಕ. ಬೇರೆಯೇ ಜೋಡಣೆಯನ್ನು ಎದುರಿಸಲು ಸಜ್ಜಾಗಿ ಬಂದಿದ್ದ ಬ್ರೆಜಿಲ್ ಕೋಚ್ ಬೆರ್ನಾರ್ಡಿನ್ಯೊ ಅವರ ಹುಡುಗರಿಗೆ ಹೊಸ ಲೆಕ್ಕ ಹಾಕಲು ಪುರುಸೊತ್ತೇ ಸಿಗಲಿಲ್ಲ. 2000ದಲ್ಲಿ ಬೆಳ್ಳಿ, ಮುಂದಿನ ಎರಡು ಒಲಿಂಪಿಕ್ಸ್‌ಗಳಲ್ಲಿ ಕಂಚು ಗೆದ್ದಿದ್ದ ರಷ್ಯಾದ 36ರ ಸೆರ್ಗೆಯ್ ತೆತ್ಯೂಖಿನ್ ಕೊನೆಗೂ ಚಿನ್ನ ಕಂಡರು.

ವಿಚಿತ್ರವೆಂದರೆ, ಈ ಮದ್ದನ್ನು ರಷ್ಯಾ ನಿತ್ಯದ ಊಟ ಮಾಡಿಕೊಳ್ಳಲಿಲ್ಲ. 2013ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಮುಸೆರ್ಸ್ಕಿ ಮತ್ತೆ ನಡುವಿಗೆ ಬಂದರು, ಅಲ್ಲಿಂದಲೇ ಟೂರ್ನಿಯ ಶ್ರೇಷ್ಠ ಆಟಗಾರರಾದರು. ಆಪೊಸಿಟ್ ಜಾಗ ಅವರ ಕಾಯಂ ಕಸುಬಾದದ್ದು 2018ರಲ್ಲಿ ಜಪಾನಿನ ಸಂಟೋರಿ ಸನ್‌ಬರ್ಡ್ಸ್ ಸೇರಿದ ಮೇಲೆ. ಆ ತಂಡ 2020-21 ಮತ್ತು 2021-22ರ ಲೀಗ್ ಗೆದ್ದಿತು.

ಲಂಡನ್ನಿನ ಆ ಶೋಧವನ್ನು ಎಲ್ಲರೂ ಅಲೆಕ್ನೊ ಹೆಸರಿಗೆ ಬರೆಯುತ್ತಾರೆ. ನನಗೆ ಮಾತ್ರ ಮಕ್ಸಿಮ್ ಮಿಖಾಯ್ಲೊವ್ ಪಾಲು ಕಡಿಮೆಯಲ್ಲ ಎನಿಸುತ್ತದೆ. ಅಲ್ಲಿಯವರೆಗೆ ಆಪೊಸಿಟ್ ಅವರೇ, ತಂಡದ ಮುಖ್ಯ ಹೊಡೆತಗಾರರೂ ಅವರೇ. ಒಲಿಂಪಿಕ್ ಫೈನಲ್ಲಿನ ನಡುವೆ ತಮ್ಮ ಜಾಗ ಬಿಟ್ಟುಕೊಟ್ಟು, ಎಡಬದಿಗೆ ಹೋಗಿ ಅವರು ಆಡಿರದಿದ್ದರೆ ಕೋಚ್ ಎಣಿಕೆ ಎಣಿಕೆಯಾಗಿಯೇ ಉಳಿಯುತ್ತಿತ್ತು.